ಕಿಟಕಿ ತೆರೆಯುವ ದೃಶ್ಯ

ಸ್ರೆತೆನ್ ಮೇಷ್ಟ್ರು ಬರೆದ ಸಂಗೀತ ನಾಟಕದ ಕೊನೆಯ ಹಾಡಿನಲ್ಲಿ ಮಕ್ಕಳು ಸಭಾಂಗಣದ ಎರಡೂ ಬದಿಯ ಕಿಟಕಿಗಳನ್ನು ನಿಜವಾಗಿಯೇ ತೆರೆಯಬೇಕು, ವಸಂತ ಒಳಗೆ ಬರಬೇಕು. ಬರೆಯುವಾಗ ಅದು ಬಹಳ ಚೆಂದದ ಕಲ್ಪನೆಯಾಗಿ ಕಂಡಿತ್ತು. ಅಡ್ಡಗಾಳಿ ಸೋಕಿದರೆ ಕಾಯಿಲೆ ಖಂಡಿತ ಎಂದು ನಂಬಿದ್ದ ಮೊರಾವಾ ನದಿ ದಡದ ಆ ಪುಟ್ಟ ಊರಿನಲ್ಲಿ ಎದುರುಬದುರು ಕಿಟಕಿ ತೆರೆಯುವುದೆಂದರೆ ಕೊಲೆಯತ್ನಕ್ಕೆ ಸಮ. ಅಲ್ಲೇ ಹುಟ್ಟಿ ಬೆಳೆದ ಮೇಷ್ಟ್ರು ಅದನ್ನು ಹೇಗೆ ಮರೆತರೋ.

ಮೊದಲ ಸಲ ನಾಟಕದ ಪರದೆ ಏಳಬೇಕಿದ್ದ ವಾರವೇ ಸಾಂಕ್ರಾಮಿಕಕ್ಕೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಮೂರು ವರ್ಷ ಉಡುಪುಗಳು ಬೀರುವಿನಲ್ಲಿ ಕೊಳೆತವು. ಈಗ ಮತ್ತೆ ಆಡಿಸುವ ಅಪ್ಪಣೆ ಬಂದಿತ್ತು, ಜೊತೆಗೊಂದು ಕುಣಿಕೆಯೂ ಬಂದಿತ್ತು. ಮಕ್ಕಳ ಸಂಖ್ಯೆ ಇಳಿದು ಸಂಗೀತದ ತರಗತಿಗಳು ಕಡಿಮೆಯಾಗಿದ್ದವು. ನೋಡಲು ಬರುವ ಶಾಲಾ ಇನ್‌ಸ್ಪೆಕ್ಟರ್ ಮೇಡಂ ಮೆಚ್ಚಿದರೆ ಮೇಷ್ಟ್ರು ಇದೇ ಶಾಲೆಯಲ್ಲಿ ಉಳಿಯುತ್ತಾರೆ, ಇಲ್ಲವಾದರೆ ತರಗತಿಗಳ ಲೆಕ್ಕ ತುಂಬಿಸಲು ಬೆಟ್ಟದ ಹಳ್ಳಿಗಳ ನಡುವೆ ಬಸ್ಸಿನಲ್ಲಿ ಅಲೆಯಬೇಕು ಎಂದು ಮುಖ್ಯೋಪಾಧ್ಯಾಯಿನಿ ದೆಸಾಂಕಾ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ನಾಟಕದ ದಿನ ಬೆಳಿಗ್ಗೆ ಕಥಾನಾಯಕನಾದ ಬಾನಾಡಿ ಹಕ್ಕಿ ರೆಕ್ಕೆ ಕಟ್ಟಿಕೊಳ್ಳಲು ಬಂದಿತು. ಮೂರು ವರ್ಷದ ಹಿಂದೆ ಆ ಪಾತ್ರದಲ್ಲಿ ಕೊಳಲಿನಂತೆ ಹಾಡುತ್ತಿದ್ದ ವುಕಾಶಿನ್‌ಗೆ ಈಗ ಮೀಸೆ ಚಿಗುರಿತ್ತು. ದನಿ ತೆಗೆದರೆ ಚಳಿಯಲ್ಲಿ ಸ್ಟಾರ್ಟ್ ಆಗದ ಟ್ರ್ಯಾಕ್ಟರ್. ಪಾತ್ರವನ್ನು ಹಾಡುಗಳು ಬಾಯಿಪಾಠವಿದ್ದ ಚಿಕ್ಕ ಹುಡುಗಿಯೊಬ್ಬಳಿಗೆ ಕೊಡೋಣವೆಂದು ಮೇಷ್ಟ್ರು ಮೆಲ್ಲಗೆ ಪ್ರಸ್ತಾಪಿಸಿದ್ದೇ ತಡ, ಹುಡುಗನ ಅಜ್ಜಿ ಸ್ತಮೆನಾ ರೆಕ್ಕೆಗಳನ್ನು ಎದೆಗೆ ಅವುಚಿಕೊಂಡರು.

"ಇದರ ಒಂದೊಂದು ಗರೀನೂ ನಮ್ಮ ಮುದುಕ ಹೊಲಿದದ್ದು. ಅವನ ಕೊನೇ ಹೊಲಿಗೆ ಇದು, ಮೇಷ್ಟ್ರಪ್ಪಾ. ಬೇರೆ ಯಾರ ಹೆಗಲಿಗೂ ಹತ್ತಲ್ಲ."

ಹುಡುಗಿ ಪರದೆಯ ಹಿಂದೆ ಹಾಡುವುದು, ವುಕಾಶಿನ್ ಬರೀ ಬಾಯಾಡಿಸುವುದು ಎಂದು ರಾಜಿಯಾಯಿತು. ರೆಕ್ಕೆ ಕಟ್ಟಿದಾಗ ಹುಡುಗನ ಬೆನ್ನಿನಲ್ಲಿ ಉಡುಪು ಹರಿದ ಸದ್ದು ಕೇಳಿಸಿತು. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಧ್ಯಾಹ್ನದ ಅಭ್ಯಾಸದಲ್ಲಿ ಕಿಟಕಿಯ ವಿಷಯ ಹೊರಬಿತ್ತು. ಗಂಟೆ ಕಳೆಯುವಷ್ಟರಲ್ಲಿ ಕುತ್ತಿಗೆ ಉಳುಕಿದವರು, ಬಾಯಿ ಸೊಟ್ಟಗಾದವರು, ಮೂತ್ರಪಿಂಡ ಹೋದವರು ಹೀಗೆ ಅಡ್ಡಗಾಳಿಗೆ ಬಲಿಯಾದ ಬಂಧುಗಳ ಪಟ್ಟಿ ಹಿಡಿದು ಊರಿನ ಅಜ್ಜಿಯರೆಲ್ಲ ಶಾಲೆಗೆ ಬಂದರು. ಮೇಷ್ಟ್ರು ಸಮಾಧಾನದ ಕೊನೆಯ ಅಸ್ತ್ರ ಬಿಟ್ಟರು.

"ಗಾಳಿ ಆಡ್ಬೇಕು ಅಂತ ಡಾಕ್ಟ್ರೇ ಹೇಳಿದ್ದಾರಲ್ಲ ಅಜ್ಜಿ."

"ನಮ್ಮ ಮುದುಕನ ವಾರ್ಡಲ್ಲೂ ಹಂಗೇ ಅಂದ್ರು," ಎಂದರು ಸ್ತಮೆನಾ. "ಗಾಳಿ ಆಡ್ತು. ಅವನ ಉಸಿರು ಆಡ್ಲಿಲ್ಲ."

ಒಂದೇ ಬದಿಯ ಕಿಟಕಿ ತೆರೆಸುತ್ತೇನೆ ಎಂದು ಮೇಷ್ಟ್ರು ಮಾತು ಕೊಟ್ಟರು. ಮಕ್ಕಳಿಗೂ ಹೇಳಿದರು. ಮಕ್ಕಳು ತಲೆಯಾಡಿಸಿದರು.

ಸಂಜೆ ಇನ್‌ಸ್ಪೆಕ್ಟರ್ ಮೇಡಂ ಮೊದಲ ಸಾಲಿನಲ್ಲಿ ಕುಳಿತರು. ಅಜ್ಜಿಯರು ತಲೆವಸ್ತ್ರ ಬಿಗಿದು, ಕಾವಲಿನವರ ಹಾಗೆ ಕಿಟಕಿಗಳ ಕೆಳಗೆ ಸಾಲಾಗಿ ಕುಳಿತರು. ಮೇಷ್ಟ್ರು ರಾತ್ರಿಗಳನ್ನು ಸವೆಸಿ ಕಟ್ಟಿದ ಹಾಡುಗಳು ಒಂದೊಂದಾಗಿ ಬಂದುಹೋದವು. ಮೇಡಂ ಎರಡು ಸಲ ಆಕಳಿಸಿದರು. ಬಾಯಾಡಿಸಿ ಬೇಸತ್ತ ವುಕಾಶಿನ್ ನಡುವೆ ಒಮ್ಮೆ ತನ್ನ ಸ್ವಂತ ದನಿಯಲ್ಲೇ ಹಾಡಿಬಿಟ್ಟ. ಸಭೆ ನಕ್ಕಿತು. ಪಿಯಾನೋ ಮುಂದೆ ಕುಳಿತ ಮೇಷ್ಟ್ರಿಗೆ ಬೆಟ್ಟದ ಬಸ್ಸಿನ ಹಾರ್ನ್ ಕೇಳಿಸತೊಡಗಿತು.

ಕೊನೆಯ ಹಾಡು ಬಂತು. ಮಧ್ಯಾಹ್ನ ಹೇಳಿದ್ದು ಮಕ್ಕಳ ಕಿವಿಯಲ್ಲಿತ್ತು, ಮೂರು ವರ್ಷದ ಹಿಂದೆ ಕಲಿತದ್ದು ಕೈಯಲ್ಲಿತ್ತು. ಕೈ ಗೆದ್ದಿತು. ಎರಡೂ ಬದಿಯ ಕಿಟಕಿಗಳು ಒಟ್ಟಿಗೆ ತೆರೆದುಕೊಂಡು, ಮಾರ್ಚ್ ತಿಂಗಳ ಗಾಳಿ ಸಭೆಯನ್ನು ಸೀಳಿ ಪಿಯಾನೋ ಮೇಲಿನ ಹಾಳೆಗಳನ್ನು ಹೊತ್ತೊಯ್ದಿತು.

ಅಜ್ಜಿಯರು ಒಂದೇ ದೇಹದಂತೆ ಎದ್ದು ಕಿಟಕಿ ಮುಚ್ಚಿದರು. ಹಾಡಿಗೆ ಎರಡನೆಯ ಚರಣವಿತ್ತು. ಮಕ್ಕಳು ಮತ್ತೆ ತೆರೆದರು. ಅಜ್ಜಿಯರು ಮತ್ತೆ ಮುಚ್ಚಿದರು, ಅದೂ ತಾಳ ತಪ್ಪದೆ. ಸ್ತಮೆನಾ ತಮ್ಮ ತಲೆವಸ್ತ್ರ ಬಿಚ್ಚಿ ಮೊಮ್ಮಗನ ಕುತ್ತಿಗೆಗೆ ಸುತ್ತಿ, ಬಾನಾಡಿಯನ್ನು ರೆಕ್ಕೆ ಹಿಡಿದು ಎಳೆದುಕೊಂಡು ಹೊರಟರು. ಅವರ ಗಲ್ಲ ಒದ್ದೆಯಾಗಿತ್ತು.

ಮೇಷ್ಟ್ರು ಪಿಯಾನೋ ಮುಚ್ಚಿದರು. ಎಲ್ಲ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಇನ್‌ಸ್ಪೆಕ್ಟರ್ ಮೇಡಂ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು. ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಅವರು ನೇರ ಮೇಷ್ಟ್ರ ಬಳಿ ಬಂದರು.

"ಎಳೆಯರು ತೆರೀತಾರೆ, ಭಯ ಮುಚ್ಚುತ್ತೆ. ಮೂರು ವರ್ಷದ ನಮ್ಮ ಗೋಳನ್ನೆಲ್ಲ ಒಂದು ದೃಶ್ಯದಲ್ಲಿ ತೋರಿಸಿಬಿಟ್ರಿ. ಅಜ್ಜಿಯರನ್ನ ಹೀಗೆ ನಾಟಕಕ್ಕೆ ಸೇರಿಸ್ಬೇಕು ಅಂತ ಹೊಳೆದದ್ದು ನಿಮಗೇನಾ?"

ಅವರ ಬೆನ್ನ ಹಿಂದೆ ದೆಸಾಂಕಾ ಹೌದೆನ್ನಿ ಎಂದು ಕಣ್ಣಲ್ಲೇ ಬೇಡುತ್ತಿದ್ದರು.

"ಹೌದು ಮೇಡಂ," ಎಂದರು ಸ್ರೆತೆನ್. ಅಷ್ಟು ವರ್ಷ ಸಾವಿರ ಸ್ವರ ಬರೆದರೂ ಬರದಿದ್ದ ಹೆಸರು ಒಂದು ಸುಳ್ಳಿನಿಂದ ಬಂತು.

ಮೇಡಂ ಕಾರು ಹೊರಟ ಮೇಲೆ ದೆಸಾಂಕಾ ಮೇಷ್ಟ್ರನ್ನು ಕೋಣೆಗೆ ಕರೆದು ಪುಟ್ಟ ಲೋಟಕ್ಕೆ ಪ್ಲಮ್ ಹಣ್ಣಿನ ಸಾರಾಯಿ ಬಗ್ಗಿಸಿದರು. ಲೋಟ ಒಂದೇ ಇತ್ತು. ಅದನ್ನು ತಾವೇ ಕುಡಿದರು.

"ಮೇಡಂಗೆ ತುಂಬಾ ಹಿಡಿಸ್ತು, ಸ್ರೆತೆನ್. ಇಂಥ ಪ್ರತಿಭೆ ಒಂದೇ ಶಾಲೇಲಿ ಕೊಳೀಬಾರದಂತೆ. ಸೆಪ್ಟೆಂಬರಿಂದ ಬೆಟ್ಟದ ಅಷ್ಟೂ ಹಳ್ಳಿಗಳಲ್ಲಿ ನೀವೇ ಇದನ್ನ ಆಡಿಸ್ಬೇಕಂತೆ. ಬಸ್ ಪಾಸ್ ಕೊಡಿಸ್ತಾರಂತೆ."

ಹಾಡುಗಳ ಬಗ್ಗೆ ಏನಾದರೂ ಅಂದರಾ ಎಂದು ಮೇಷ್ಟ್ರು ಕೇಳಿದರು.

"ಸ್ವಲ್ಪ ಜಾಸ್ತಿಯಾಯ್ತಂತೆ, ಕಡಿಮೆ ಮಾಡಿ ಅಂದ್ರು. ಅಜ್ಜಿಯರು ಮಾತ್ರ ಇರ್ಲೇಬೇಕಂತೆ."

"ಅಷ್ಟೊಂದು ಅಜ್ಜಿಯರನ್ನ ಎಲ್ಲಿಂದ ತರ್ಲಿ?"

"ಅದಕ್ಕೆ ಯಾಕೆ ಯೋಚ್ನೆ," ಎಂದರು ದೆಸಾಂಕಾ ಲೋಟ ಒರೆಸುತ್ತ. "ಆ ಹಳ್ಳಿಗಳಲ್ಲಿ ಈಗ ಇರೋದೇ ಅಜ್ಜಿಯರು. ಮಕ್ಕಳನ್ನ ಮಾತ್ರ ನೀವು ಹುಡುಕ್ಕೋಬೇಕು."