ಮೂರು ಟೋಪಿ, ಒಂದೇ ತಲೆ

ಮಾತಿಗೆ ತಪ್ಪುವವರನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದು ನಾನು ಭೀಕರ ಪ್ರತಿಜ್ಞೆ ಮಾಡಿದ್ದು 2015ರ ಫೆಬ್ರವರಿಯ ಮೊದಲ ಬುಧವಾರ, ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ನಮ್ಮ ಮನೆಯ ಸೋಫಾದ ಮೇಲೆ ನಿಂತು. ಹೌದು, ನಿಂತು!

ಹೈಸ್ಕೂಲಿನ ಫುಟ್‌ಬಾಲ್ ಹುಡುಗರು ಯಾವ ಕಾಲೇಜಿಗೆ ಆಡುತ್ತೇವೆಂದು ಸಹಿ ಹಾಕುವ 'ಸೈನಿಂಗ್ ಡೇ' ಅದು. ಟೆಕ್ಸಸ್ಸಿಗೆ ಅದೇ ದೊಡ್ಡ ಹಬ್ಬ. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಆರಡಿ ಐದಂಗುಲದ ಒಬ್ಬ ಹುಡುಗ ಎಂಟು ತಿಂಗಳ ಹಿಂದೆಯೇ ನಮ್ಮ ಆಸ್ಟಿನ್ ತಂಡಕ್ಕೆ ಮಾತು ಕೊಟ್ಟಿದ್ದ. ಅದು ನಿಶ್ಚಿತಾರ್ಥದಷ್ಟೇ ಗಟ್ಟಿ ಎಂದು ನಂಬಿ ನಾನು ಆಫೀಸಿಗೆ ರಜೆ ಹಾಕಿ, ನಮ್ಮ ತಂಡದ ಕಿತ್ತಳೆ ಬಣ್ಣ ಬರಲೆಂದು ಕೇಸರಿಬಾತಿಗೆ ಎರಡು ಪಟ್ಟು ಬಣ್ಣ ಸುರಿದು, ಟಿ.ವಿ. ಮುಂದೆ ಕೂತಿದ್ದೆ. ಹುಡುಗನ ಮುಂದೆ ಮೂರು ಕಾಲೇಜಿನ ಮೂರು ಟೋಪಿ; ತಲೆಗೇರಿಸಿದ್ದೇ ಆರಿಸಿದ ಕಾಲೇಜು. ಕಿತ್ತಳೆ ಟೋಪಿಯತ್ತ ಕೈ ಚಾಚಿದ. ನಾನು ಚಮಚ ಎತ್ತಿದೆ. ಕೈಯನ್ನು ಹಾಗೇ ಪಕ್ಕಕ್ಕೆ ಸರಿಸಿ ಕೆಂಪು ಟೋಪಿ ಎತ್ತಿ ತಲೆಗಿಟ್ಟುಕೊಂಡ!

"ದ್ರೋಹಿ!" ಎಂದು ಸೋಫಾ ಏರಿದೆ.

ಹೆಂಡತಿ ನಾಗಮಣಿ ಅಡುಗೆಮನೆಯಿಂದ ಇಣುಕಿದಳು. "ಯಾರನ್ರೀ ಬೈತಿರೋದು?"

"ಆ ಹುಡುಗನ್ನ! ಹೂಂ ಅಂದು ಕೊನೇ ಗಳಿಗೇಲಿ ಕೈ ಕೊಟ್ಟ!"

"ಪಾಪ, ಹದಿನೆಂಟು ವರ್ಷ. ಮನಸ್ಸು ಬದಲಾಯ್ತು ಕಣ್ರೀ."

"ಬದಲಾಯಿಸೋಕೆ ಅದೇನು ಟಿ.ವಿ. ಚಾನೆಲ್ಲಾ?"

ಅಷ್ಟಕ್ಕೇ ಬಿಟ್ಟಿದ್ದರೆ ಬದುಕುತ್ತಿದ್ದೆ! ಟೆಕ್ಸಸ್ ಕನ್ನಡಿಗರ ವಾಟ್ಸಾಪ್ ಗುಂಪಿಗೆ 'ನುಡಿದಂತೆ ನಡೆಯದವನು ಮನುಷ್ಯನೇ?' ಎಂಬ ಐದು ಪ್ಯಾರಾದ ಪ್ರವಚನ ಕಳಿಸಿಬಿಟ್ಟೆ.

ಮೊದಲ ಉತ್ತರ ಡಲ್ಲಾಸ್ ಕನ್ನಡ ಸಂಘದ ತಿರುಮಲನದು. "ಭೇಷ್ ಪ್ರಭಂಜನ! ಇಂಥ ನಿಷ್ಠಾವಂತರೇ ನಮ್ಮ ಯುಗಾದಿಯ ನಿರೂಪಕರು!" ಜೊತೆಗೆ ನನ್ನ ಫೋಟೊ ಇರುವ ಪೋಸ್ಟರ್. ಬೆನ್ನಿಗೇ ಹ್ಯೂಸ್ಟನ್ ಸಂಘದ ಉಷಾರಾಣಿ. "ಅಯ್ಯೋ, ಅವತ್ತು ಇವರು ನಮ್ಮ ಪ್ರಹಸನದಲ್ಲಿ ಮಂತ್ರಿ ಅಲ್ವಾ?"

ಈಗ ತಪ್ಪೊಪ್ಪಿಗೆ. ಸಂಘಗಳು ಹಾಲ್ ಸಿಕ್ಕಂತೆ ಬೇರೆ ಬೇರೆ ಶನಿವಾರ ಯುಗಾದಿ ಮಾಡುವುದು ವಾಡಿಕೆ. ಆ ಧೈರ್ಯದಲ್ಲಿ, ದಾಕ್ಷಿಣ್ಯಕ್ಕೆ, ಕೇಳಿದವರಿಗೆಲ್ಲ "ಬರೋಣ ಬಿಡಿ" ಎಂದಿದ್ದೆ. ಆ ವರ್ಷ ಯುಗಾದಿಯೇ ಶನಿವಾರ ಬಿತ್ತು! ಮೂರೂ ಊರಿನಲ್ಲಿ ಅದೇ ದಿನ! ವಿಷಯ ಜನವರಿಯಲ್ಲೇ ತಿಳಿದಿತ್ತು. ಯಾರದಾದರೂ ಹಾಲ್ ಕ್ಯಾನ್ಸಲ್ ಆದೀತೆಂದು ಸುಮ್ಮನಿದ್ದೆ. ಮೂರನೆಯದು ಆಸ್ಟಿನ್‌ನಲ್ಲಿ ನಾಗಮಣಿ ಮೊದಲ ಸಲ ಬರೆದ ನಾಟಕ. ನಾನೇ ಮಹಾರಾಜ.

ಅವಳ ಫೋನೂ ಟಿಂಗೆಂದಿತು. ಓದಿದಳು. ಒಳಗೆ ಹೋದಳು. ಹತ್ತು ನಿಮಿಷ ಫೋನಿನಲ್ಲಿ ಯಾರ ಜೊತೆಗೋ ಮಾತಾಡಿ ಬಂದು, ಊಟದ ಮೇಜಿನ ಮೇಲೆ ಮೂರನ್ನು ಸಾಲಾಗಿ ಇಟ್ಟಳು: ನಮ್ಮ ಮದುವೆಯ ಮೈಸೂರು ಪೇಟ, ಒಂದು ಗಾಂಧಿ ಟೋಪಿ, ತಾನೇ ಅಂಟಿಸಿದ ರಟ್ಟಿನ ಕಿರೀಟ.

"ಡಲ್ಲಾಸು, ಹ್ಯೂಸ್ಟನ್ನು, ಆಸ್ಟಿನ್ನು. ಯಾವುದು ಅಂತ ಹೇಳ್ರೀ."

ಮಗಳು ದಿಯಾ ಫೋನ್ ಹಿಡಿದು ವಿಡಿಯೊ ಶುರು ಮಾಡಿದಳು. "ಸ್ಮೈಲ್ ಅಪ್ಪಾ! ಇಟ್ಸ್ ಯುವರ್ ಸೈನಿಂಗ್ ಡೇ!"

ನಾನು ಎದೆಯುಬ್ಬಿಸಿ ಕಿರೀಟಕ್ಕೆ ಕೈ ಹಾಕಿದೆ. ನಾಗಮಣಿ ಅದನ್ನು ಸರಕ್ಕನೆ ಎಳೆದುಕೊಂಡಳು.

"ಮಹಾರಾಜನ ಪಾತ್ರ ನಮ್ಮ ಸಂಘದ ಗೋವಿಂದರಾಜು ಅವರಿಗಾಯ್ತು. ಈಗ ತಾನೇ ಒಪ್ಪಿಸಿದೆ."

"ಅನ್ಯಾಯ! ನನಗೆ ಮಾತು ಕೊಟ್ಟಿದ್ದೆಯಲ್ಲೇ!"

"ಮನಸ್ಸು ಬದಲಾಯ್ತು ಕಣ್ರೀ."

ನಗಬಹುದೆಂದು ಮುಖ ನೋಡಿದೆ. ನಗಲಿಲ್ಲ. ಕಣ್ಣಂಚು ಒದ್ದೆಯಾಗಿತ್ತು. ಅವಳ ಮೊದಲ ನಾಟಕ, ಅದನ್ನೂ ಮೂರು ಊರಿನ ಸಾಲಿನಲ್ಲಿ ಒಂದಾಗಿ ನಿಲ್ಲಿಸಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು. ಡಲ್ಲಾಸಿಗೂ ಹ್ಯೂಸ್ಟನ್ನಿಗೂ ಅಲ್ಲೇ ಫೋನ್ ಮಾಡಿ ಕ್ಷಮೆ ಕೇಳಿದೆ. ಇಬ್ಬರೂ ನನ್ನದೇ ಪ್ರವಚನದ ಮೂರನೆಯ ಪ್ಯಾರಾ ಓದಿ ಹೇಳಿದರು!

"ನಿನ್ನ ನಾಟಕದಲ್ಲಿ ಏನಾದ್ರೂ ಉಳಿದಿದ್ಯಾ?" ಎಂದೆ, ಮೆಲ್ಲಗೆ.

"ಪರದೆ ಎಳೆಯೋಕೆ ಒಬ್ರು ಬೇಕು."

"ಬರ್ತೀನಿ! ಖಂಡಿತ ಬರ್ತೀನಿ!"

ನಾಗಮಣಿ ದಿಯಾಳ ಕಡೆ ತಿರುಗಿದಳು. "ಪುಟ್ಟಿ, ಒಂದು ಪೇಪರ್ರು, ಪೆನ್ನು ತಗೊಂಡ್ಬಾ. ನಿಮ್ಮಪ್ಪ ಮಾತು ಕೊಡ್ತಿದ್ದಾರೆ."