ಸುಮ್ಮನೆ ಕೂತಾಗ ಕೆಡುವ ಮಿಷನ್ನು

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ನಗುವೇ ಲ್ಯಾಪ್‌ಟಾಪ್ ಚೀಲದೊಳಗೆ ಕೂತು, ಚಾರ್ಜರನ್ನು ಮನೆಯಲ್ಲೇ ಮರೆತು, ಮೆಟ್ಟಿಲು ಹತ್ತಿ ಬರುತ್ತದೆ. ಮದ್ದೂರಿನ ಪೇಟೆ ಬೀದಿಯಲ್ಲಿ ನಮ್ಮಪ್ಪ ಪಂಪಿನ ಮೋಟಾರು ವೈಂಡಿಂಗ್ ಮಾಡುತ್ತಿದ್ದ ಅಂಗಡಿಯಲ್ಲೇ ನಾನು ಕಂಪ್ಯೂಟರ್ ಬಿಚ್ಚುತ್ತೇನೆ. ಸುತ್ತಲ ಹಳ್ಳಿಯವರಿಗೆಲ್ಲ ನಾನು ‘ಕಂಪ್ಯೂಟರ್ ಭಾಯ್’. ನನಗೊಂದು ಜಂಬವಿದೆ, ಮೊದಲೇ ಹೇಳಿಬಿಡುತ್ತೇನೆ: ಯಂತ್ರದ ಎಂಥ ಮಾತನ್ನೂ ನಮ್ಮ ಮಂಡ್ಯ ಸೀಮೆಯವರಿಗೆ ತಿಳಿಯುವಂತೆ ಹೇಳಬಲ್ಲೆ. ಅದಕ್ಕಿಂತ ದೊಡ್ಡ ಜಂಬ ಇನ್ನೊಂದಿದೆ. ನಾನು ಅರ್ಧ ಹೇಳುವಷ್ಟರಲ್ಲಿ ಅವರು ನನಗೇ ತಿರುಗಿ ಪಾಠ ಮಾಡುತ್ತಾರೆ.

ಕಲಿಸಬೇಕಾದದ್ದು ಒಂದೇ

ಬಂಡೂರಿನಿಂದ ಕುರಿ ಸಾಕುವ ಯಜಮಾನರೊಬ್ಬರು ಮಗಳ ಲ್ಯಾಪ್‌ಟಾಪ್ ತಂದು ಟೇಬಲ್ ಮೇಲಿಟ್ಟರು.

“ಸುಮ್ಕೆ ಮಡಗಿದ್ರೂ ಬ್ಯಾಟ್ರಿ ಇಳೀತದೆ ಭಾಯ್. ಕೆಲ್ಸ ಇಲ್ದಿದ್ಮೇಲೆ ಕರೆಂಟ್ ಯಾಕೆ ತಿನ್ಬೇಕು?”

ನಾನು ಹುರುಪಿನಿಂದ ಶುರು ಮಾಡಿದೆ. ಒಳಗಿರುವ ಪ್ರೊಸೆಸರ್ ಕೆಲಸವಿಲ್ಲದ ಗಳಿಗೆಯಲ್ಲಿ ಮಲಗಬೇಕು. ನೀವು ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವುದರೊಳಗೆ ಅದು ಎಷ್ಟೋ ಸಲ ಮಲಗಿ ಎದ್ದಿರುತ್ತದೆ. ಸ್ವಲ್ಪವೇ ಬಿಡುವಿದ್ದರೆ ಕೋಳಿ ನಿದ್ದೆ, ಜಾಸ್ತಿ ಬಿಡುವಿದ್ದರೆ ಗಾಢ ನಿದ್ದೆ. ನಿದ್ದೆ ಗಾಢವಾದಷ್ಟೂ ಕರೆಂಟು ಉಳಿತಾಯ. ನಿಮ್ಮದರಲ್ಲಿ ಆ ನಿದ್ದೆ ಕೆಟ್ಟಿದೆ, ಅಷ್ಟೆ.

ಯಜಮಾನರು ಲ್ಯಾಪ್‌ಟಾಪನ್ನು ಗೌರವದಿಂದ ನೋಡಿದರು. “ನಮ್ಮಳಿಯನೂ ಅಂಗೇಯ ಕಣಣ್ಣ. ಕೋಳಿ ನಿದ್ದೆ, ಗಾಢ ನಿದ್ದೆ, ಎಲ್ಡೂ ಬತ್ತದೆ. ಏಳೋದೊಂದ್ ಕಲಿಸ್ಬೇಕು.”

ಭಾಯ್ ಬಂದರೆ ಹೆದರುತ್ತದೆ

ದುದ್ದದ ಹತ್ತಿರದ ಒಂದು ಹಳ್ಳಿಯಲ್ಲಿ ಹಾಲಿನ ಸೊಸೈಟಿಯ ಕಾರ್ಯದರ್ಶಿ ಒಬ್ಬ ಹೆಣ್ಣುಮಗಳು. ನಾನು ಅಕ್ಕ ಎನ್ನುತ್ತೇನೆ. ಓದಿದ್ದು ಏಳನೇ ಕ್ಲಾಸು. ಹಾಲು ತೂಗಿ, ಫ್ಯಾಟು ಅಳೆದು, ಚೀಟಿ ಕೊಡುವ ಹೊಸ ಕಂಪ್ಯೂಟರ್ ಪೆಟ್ಟಿಗೆ ಬಂದಾಗ ಊರಲ್ಲಿ ಮೊದಲು ಕಲಿತವರು ಅವರೇ. ಆದರೆ ಪೆಟ್ಟಿಗೆ ದಿನಾ ಹ್ಯಾಂಗ್ ಆಗುತ್ತಿತ್ತು.

“ಜನ ಸಾಲಾಗಿ ನಿಂತಿದ್ರೆ ಏನೂ ಆಗಾಕಿಲ್ಲ ಭಾಯ್. ಸಾಲು ಕರಗಿ ನಾನು ಸುಮ್ಕೆ ಕೂತ್ಕಂಡ್ರೆ ಇದೂ ಸುಮ್ಕೆ ಕೂತ್ಕತದೆ. ಆಮೇಕೆ ಏಳಾಕಿಲ್ಲ,” ಎಂದರು.

ಹೋದೆ. ಬೆಳಗಿನಿಂದ ಹತ್ತು ಗಂಟೆವರೆಗೆ ಅದನ್ನು ಒತ್ತಿದೆ, ತಟ್ಟಿದೆ, ಇದ್ದಬದ್ದದ್ದನ್ನೆಲ್ಲ ತೆರೆದು ನೋಡಿದೆ. ಬಂಗಾರದಂಥ ಮಿಷನ್ನು. ಸ್ಕೂಟರ್ ಹತ್ತಿ ಊರು ದಾಟುವಷ್ಟರಲ್ಲಿ ಫೋನು: “ಓಯ್ತು ಭಾಯ್.” ಹೀಗೆ ಮೂರು ಸಲ. ನಾನು ಮುಟ್ಟುತ್ತಿದ್ದದ್ದೇ ಅದನ್ನು ಎಚ್ಚರವಾಗಿಡುತ್ತಿದೆ ಎಂದು ಆಗ ನನಗೆ ಹೊಳೆಯಲಿಲ್ಲ. ಹದಿನೈದು ವರ್ಷದ ಅನುಭವ, ನಾಚಿಕೆಯಾಗಬೇಕು.

ಮೂರನೇ ಸಲ ಅಕ್ಕ ಹೇಳಿದರು: “ನೀವು ಬಂದ್ರೆ ಎದ್ರುಕತದೆ. ನಿಮ್ದೊಂದು ಪೋಟೋ ಕೊಟ್ಟೋಗಿ. ಮುಂದ್ಗಡೆ ಮಡಗ್ತೀನಿ.”

ಹಾಡಿನ ಅಪರಾಧ

ಫೋಟೋ ಕೊಡಲಿಲ್ಲ. ಅಕ್ಕನೇ ಒಂದು ದಾರಿ ಹುಡುಕಿದರು. ಪೆಟ್ಟಿಗೆಗೆ ಒಂದು ಭಕ್ತಿಗೀತೆ ಹಾಕಿ, ಬೆಳಿಗ್ಗೆ ಸಂಜೆ ಬಿಡದೆ ಹಾಡಿಸಿದರು. ಹ್ಯಾಂಗ್ ನಿಂತೇ ಹೋಯಿತು. ಒಂದೇ ಹಾಡು, ಎರಡು ತಿಂಗಳು. ಎದುರು ಮನೆಯ ಎಮ್ಮೆ ಆ ಹಾಡು ಕೇಳದೆ ಹಾಲು ಕರೆಯಲು ಬಿಡುತ್ತಿರಲಿಲ್ಲವಂತೆ.

ಊರವರು ಮಹಿಮೆ ಅಂದರು. ಪೆಟ್ಟಿಗೆ ಕೊಟ್ಟ ಕಂಪನಿಯ ಎಂಜಿನಿಯರು ಬಂದು ನೋಡಿ ಬೇರೆಯೇ ಬರೆದರು: ಕಾರ್ಯದರ್ಶಿ ಸೊಸೈಟಿಯ ಕಂಪ್ಯೂಟರಿನಲ್ಲಿ ಹಾಡು ಹಾಕುತ್ತಾರೆ, ಅದಕ್ಕೇ ಕೆಡುತ್ತಿದೆ. ಮದ್ದನ್ನೇ ರೋಗವೆಂದು ಬರೆದುಕೊಟ್ಟರು. ಸೊಸೈಟಿ ಅಧ್ಯಕ್ಷರಿಗೆ ಇಷ್ಟೇ ಬೇಕಿತ್ತು. ಅವರ ತಂಗಿಯ ಮಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದ. ಮುಂದಿನ ಸಭೆಯಲ್ಲಿ ಅಕ್ಕನನ್ನು ತೆಗೆದು ಅವನನ್ನು ಕೂರಿಸುವುದೆಂದು ನೋಟೀಸು ಅಂಟಿಸಿದರು. ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ ಬಾಗಿಲು ತೆಗೆದ ಹೆಂಗಸು. ನನಗೆ ನಿಜವಾಗಿ ಸಿಟ್ಟು ಬಂತು.

ಅಕ್ಕನಿಗೂ ಸಿಟ್ಟಿತ್ತು, ಬೇರೆ ಕಾರಣಕ್ಕೆ. “ಕೆಲ್ಸ ಓದ್ರೆ ಓಗ್ಲಿ ಬುಡಿ. ದೇವ್ರಾಡು ಹಾಕಿ ಕೆಡಿಸ್ದೋಳು ಅನ್ನುಸ್ಕಂಡು ಓಗಾಕಾಯ್ತದಾ?”

ಕೊತ್ತಂಬರಿ ಒಂದು ಕಟ್ಟು

ಅದೇ ವಾರ ಬ್ಲಫ್ ಎಂಬಲ್ಲಿ ನೀರಿನಿಂದ ಕರೆಂಟು ತಯಾರಿಸುವ ಸ್ಟೇಷನ್ನಿನಲ್ಲಿ ಆಪರೇಟರಾಗಿ ರಿಟೈರಾದ ಹಿರಿಯರೊಬ್ಬರು ಪ್ರಿಂಟರ್ ತಂದಿದ್ದರು. ಅಂಗಡಿಯಲ್ಲಿದ್ದಾಗ ಅವರ ಮನೆಯವರ ಫೋನು ಬಂತು. ಹಿರಿಯರು ನೆಟ್ಟಗೆ ಕೂತು, ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡು, ಗಟ್ಟಿಯಾಗಿ ಓದಿ ಒಪ್ಪಿಸಿದರು: “ಕೊತ್ಮೀರಿ ಒಂದ್ ಕಟ್ಟು. ಮೆಂತ್ಯ ಎಲ್ಡ್ ಕಟ್ಟು. ಅನ್ನೊಂದು ನಲವತ್ತಕ್ಕೆ ಆರ್ಡರ್ ತಕಂಡೆ.”

ನಾನು ನಕ್ಕೆ. ಅವರು ನಗಲಿಲ್ಲ. “ಕೆಲ್ಸದ ಕಾಲದ್ ಅಭ್ಯಾಸ ಕಣಪ್ಪ. ಜನ ಕರೆಂಟ್ ಬಳಸೋದು ಕಮ್ಮಿಯಾದ್ರೆ ಬೆಂಗ್ಳೂರ್ ಆಫೀಸಿಂದ ಫೋನ್ ಬರೋದು, ಮಿಷಿನ್ ನಿಲ್ಸಿ ಅಂತ. ಆರ್ಡರ್ ಓದಿ ಒಪ್ಪಿಸ್ದಲೆ ನೀರಿನ್ ಗೇಟ್ ಮುಟ್ಟಂಗಿಲ್ಲ. ಅವ್ರು ಏಳ್ಬೇಕು, ನಾವ್ ನಿಲ್ಲಿಸ್ಬೇಕು. ಅವ್ರೂ ನಾವೂ ಇಬ್ರೂ ತೀರ್ಮಾನ ಮಾಡಕ್ಕೋದ್ರೆ ಊರು ಕತ್ಲು.”

ಅಕ್ಕನ ಪೆಟ್ಟಿಗೆಯ ಕತೆ ಹೇಳಿದೆ. ಅವರು ಕೇಳಿದರು: “ನಿನ್ ಪೆಟ್ಟಿಗೇಲಿ ಮಲಗ್ಸೋರು ಯಾರು?”

“ಇಬ್ಬರು, ಸಾರ್. ಒಂದು ಫರ್ಮ್‌ವೇರು. ಬೋರ್ಡು ಮಾಡುವಾಗಲೇ ಒಳಗೆ ತುಂಬಿಟ್ಟ ಹುಟ್ಟುಬುದ್ಧಿ. ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮು. ಅದು ಆಮೇಲೆ ಹಾಕಿದ ಕಲಿತ ಬುದ್ಧಿ. ಕೆಲಸವಿಲ್ಲ, ಇಷ್ಟು ಮಲಗು ಅಂತ ಸಿಸ್ಟಮ್ಮು ಹೇಳುತ್ತೆ. ಅಷ್ಟು ಸಾಲದು, ಇನ್ನೂ ಗಾಢವಾಗಿ ಮಲಗು ಅಂತ ಫರ್ಮ್‌ವೇರು ತಾನೇ ಮಲಗಿಸಿಬಿಡಬಹುದು.”

“ಅದ ಸಿಸ್ಟಮ್ಮಿಗೆ ಏಳ್ತದಾ?”

“ಎಲ್ಲಾ ಸಲವೂ ಹೇಳಲ್ಲ. ಹೇಳದಿದ್ದರೆ ಎಬ್ಬಿಸೋದು ಹೇಗೆ ಅಂತ ಸಿಸ್ಟಮ್ಮಿಗೆ ಗೊತ್ತಾಗಲ್ಲ.”

“ಓದಿ ಒಪ್ಪಿಸ್ತಾ ಇಲ್ಲ,” ಅಂದರು ಹಿರಿಯರು, ಪುಸ್ತಕ ಜೇಬಿಗಿಡುತ್ತ. “ಸಸ್ಪೆಂಡ್ ಮಾಡು.”

ಸರ್ವಾನುಮತದಿಂದ

ಫರ್ಮ್‌ವೇರನ್ನು ಸಸ್ಪೆಂಡ್ ಮಾಡಲು ಬೇಕಾದ ಪಾಸ್‌ವರ್ಡು ಕಂಪನಿಯವರ ಹತ್ತಿರವಿತ್ತು. ಹಾಗಾಗಿ ಅವರ ಎಂಜಿನಿಯರು ಬರುವ ಸಭೆಯ ದಿನವೇ ಗತಿ. ಸೊಸೈಟಿ ಕಟ್ಟಡದಲ್ಲಿ ಊರೆಲ್ಲ ಸೇರಿತ್ತು. ಅಧ್ಯಕ್ಷರು ಎದ್ದು, ಕಾರ್ಯದರ್ಶಿಯನ್ನು ಬದಲಾಯಿಸಬೇಕೆಂದು ಅರ್ಧ ಗಂಟೆ ಮಾತಾಡಿ ಕೂತರು. ಎಂಜಿನಿಯರು ಪೆಟ್ಟಿಗೆಯ ಮುಂದೆ ಕೂತು ಪಟಪಟ ಒತ್ತಿ ತೋರಿಸಿದರು: “ನೋಡಿ, ಹಾಡಿಲ್ಲ. ಮಿಷನ್ ಸರಿಯಾಗಿಯೇ ಇದೆ.”

ಅಕ್ಕ ಎದ್ದು ನಿಂತರು. “ಸಾರ್, ಕೈ ತಗೀರಿ. ಯಾರೂ ಮುಟ್ಬೇಡಿ. ಎಲ್ರೂ ಸುಮ್ಕೆ ಕೂತ್ಕಳಿ.”

ನಮ್ಮ ಸೀಮೆಯ ಜನ ಒಂದು ಕಡೆ ಸೇರಿ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಫ್ಯಾನು ತಿರುಗುವ ಸದ್ದು ಮಾತ್ರ. ಹದಿನೈದು ನಿಮಿಷಕ್ಕೆ ಮುಂದಿನ ಸಾಲಿನ ಅಜ್ಜ ಗೊರಕೆ ಹೊಡೆದ. ಇಪ್ಪತ್ತು ನಿಮಿಷಕ್ಕೆ ಅಧ್ಯಕ್ಷರ ತಲೆ ವಾಲಿತು. ಇಪ್ಪತ್ತೆರಡನೇ ನಿಮಿಷಕ್ಕೆ ಪರದೆಯ ಮೇಲಿನ ಗಡಿಯಾರ ನಿಂತಿತು. ಎಂಜಿನಿಯರು ಒತ್ತಿದರು. ಎಲ್ಲಾ ಗುಂಡಿ ಒತ್ತಿದರು. ಏನೂ ಇಲ್ಲ. ಮಿಷನ್ ಕೆಟ್ಟದ್ದಕ್ಕೆ ಒಂದು ಊರು ಅಷ್ಟು ಸಂತೋಷಪಟ್ಟದ್ದನ್ನು ಎಲ್ಲೂ ಕಾಣೆ. ಆದರೂ ಅಕ್ಕ ಕೈಸನ್ನೆ ಮಾಡಿದ್ದಕ್ಕೆ ಯಾರೂ ಸದ್ದು ಮಾಡಲಿಲ್ಲ.

ನಾನು ಎಂಜಿನಿಯರ ಪಕ್ಕ ಹೋಗಿ, ಫರ್ಮ್‌ವೇರು ತಾನಾಗಿ ಗಾಢ ನಿದ್ದೆ ಮಾಡಿಸುವುದನ್ನು ಬಂದ್ ಮಾಡಿ, ಆ ಕೆಲಸವನ್ನು ಸಿಸ್ಟಮ್ಮಿಗೇ ಬಿಡಿ ಎಂದೆ. ಎಂಜಿನಿಯರ್ ಹುಡುಗ ಒಳ್ಳೆಯವನು, ಪೆಟ್ಟಿಗೆಯನ್ನು ಆರಿಸಿ ಹತ್ತಿಸಿ, ತಕರಾರಿಲ್ಲದೆ ಹಾಗೇ ಮಾಡಿದ. ಮತ್ತೆ ಎಲ್ಲರೂ ಸುಮ್ಮನೆ ಕೂತೆವು. ಇಪ್ಪತ್ತು ನಿಮಿಷ, ಮೂವತ್ತು, ನಲವತ್ತೈದು. ಗಡಿಯಾರ ಓಡುತ್ತಲೇ ಇತ್ತು.

ಎಂಜಿನಿಯರು ಎದ್ದರು. “ತಪ್ಪು ನಮ್ಮ ಪೆಟ್ಟಿಗೆಯದು. ಅಮ್ಮನವರದಲ್ಲ,” ಎಂದು ಎಲ್ಲರ ಮುಂದೆ ಹೇಳಿದರು. ಆಮೇಲೆ ಮೆಲ್ಲಗೆ ಕೇಳಿದರು: “ನಮ್ಮ ಆಫೀಸಿನಲ್ಲಿ ಅಷ್ಟು ಜನ ಪರೀಕ್ಷೆ ಮಾಡಿದ್ದರು. ಯಾರಿಗೂ ಸಿಗದ್ದು ನಿಮಗೆ ಹೇಗೆ ಸಿಕ್ಕಿತು ಅಮ್ಮ?”

ಅಕ್ಕ ಸೆರಗು ಸರಿಮಾಡಿಕೊಂಡರು. “ಇದು ಕೆಲ್ಸ ಮಾಡೋದ ನೀವೆಲ್ಲ ನೋಡಿದ್ರಿ ಸಾರ್. ಇದು ಸುಮ್ಕೆ ಕೂತಿರೋದ ನೋಡಿರೋಳು ನಾನೊಬ್ಳೇಯ.”

ಸಭೆಯಲ್ಲಿದ್ದವರೆಲ್ಲ ಅಕ್ಕನೇ ಇರಲಿ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಯ ಕೆಲಸ ಕಾರ್ಯದರ್ಶಿಯದೇ ಅಲ್ಲವೇ, ಅಕ್ಕ ಕೂತು ನಡಾವಳಿ ಪುಸ್ತಕದಲ್ಲಿ ಸಭೆಯ ತೀರ್ಮಾನವನ್ನು ದುಂಡಗೆ ಬರೆದರು: ಈಗಿನ ಕಾರ್ಯದರ್ಶಿಯೇ ಮುಂದುವರಿಯಲು ಸಭೆ ಸರ್ವಾನುಮತದಿಂದ ಒಪ್ಪಿದೆ.

ಇನ್ನೂ ನಿಲ್ಲದ ಚಪ್ಪಾಳೆಗೆ ಕೊನೆಗೆ ಅಧ್ಯಕ್ಷರು ಎಚ್ಚೆತ್ತರು. ಸುತ್ತ ನೋಡಿದರು. ಎಲ್ಲರ ಮುಖದಲ್ಲೂ ಗೆಲುವು. “ಎಲ್ರೂ ಒಪ್ದಂಗಾಯ್ತಾ?”

“ಒಬ್ರೂ ಬ್ಯಾಡ ಅನ್ನಲಿಲ್ಲ ಯಜಮಾನ್ರೇ,” ಎಂದು ಅಕ್ಕ ಪುಸ್ತಕ ಮುಂದಿಟ್ಟರು. “ಓದ್ಬುಟ್ಟು ರುಜು ಹಾಕಿ.”

“ಓದೋದೇನು? ಭಾಷಣದಲ್ಲಿ ನಾನೇ ತಾನೆ ಏಳಿದ್ದು,” ಎಂದು ಅಧ್ಯಕ್ಷರು ದೊಡ್ಡದಾಗಿ ರುಜು ಹಾಕಿ ಸೀಲು ಒತ್ತಿದರು.

ಆಮೇಲೆ ಓದಿದರು.