ಕಾರಿನ ಬಾಗಿಲು ಮುಚ್ಚಿದ ಮೇಲೆ

ಜೂನ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡೂವರೆಗೆ, ನಾನು ಅಮೆರಿಕದ ಎಡಿಸನ್ನಿನಲ್ಲಿ ಶ್ರೀಕಂಠನ ತಿಂಡಿ ಹೋಟೆಲಿನ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ, ದೊಡ್ಡ ಕಸದ ಡಬ್ಬಕ್ಕೂ ಒಂದು ಬಿಳಿ ಕಾರಿನ ಹಿಂಭಾಗಕ್ಕೂ ನಡುವೆ ನಿಂತಿದ್ದೆ. ಕೈಯಲ್ಲಿ ಪೇಪರ್ ತಟ್ಟೆಗಳು ತುಂಬಿದ ಕಪ್ಪು ಚೀಲವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕದ್ದು ಕೇಳಲು ಅಲ್ಲಿಗೆ ಹೋಗಿದ್ದೆ ಎಂದು ಆಮೇಲೆ ಯಾರೂ ಅನ್ನಬಾರದು. ಕಸ ಹಾಕಲು ಹೋಗಿದ್ದೆ. ಕಿವಿ ಜೊತೆಗೆ ಬಂದಿತ್ತು.

ನನ್ನ ಕೆಲಸ ಗ್ರಾಹಕರ ಅನುಭವವನ್ನು ನೋಡಿಕೊಳ್ಳುವುದು. ಕಸ್ಟಮರ್ ಎಕ್ಸ್‌ಪೀರಿಯನ್ಸ್ ಅಂದರೆ ಸ್ವಲ್ಪ ತೂಕ ಬರುತ್ತದೆ. ಅಮ್ಮನಿಗೆ ಮಾತ್ರ ಇವತ್ತಿಗೂ ಅರ್ಥವಾಗಿಲ್ಲ. “ಬಂದವರನ್ನ ಚೆನ್ನಾಗಿತ್ತಾ ಅಂತ ಕೇಳೋದಕ್ಕೂ ಸಂಬಳ ಕೊಡ್ತಾರೇನೋ?” ಅನ್ನುತ್ತಾಳೆ. ಕೊಡುತ್ತಾರೆ. ರೈಲು ಹತ್ತಿ ಮ್ಯಾನ್‌ಹಟನ್ನಿಗೆ ಹೋಗಿ, ಒಂದು ವಿಮಾ ಕಂಪನಿಗೆ ಫೋನ್ ಮಾಡಿದವರು ಯಾಕೆ ಬೇಸರದಿಂದ ಫೋನ್ ಇಟ್ಟರು ಎಂದು ಹುಡುಕುತ್ತೇನೆ. ಅಮೆರಿಕದವರ ವಿಷಯದಲ್ಲಿ ಇದು ಸುಲಭ. ಬೇಸರವಾದರೆ ಹೇಳುತ್ತಾರೆ, ಮ್ಯಾನೇಜರನ್ನು ಕರೆಯಿರಿ ಅನ್ನುತ್ತಾರೆ. ನಮ್ಮವರು ಹಾಗಲ್ಲ. ಹೊರಡುವಾಗ “ತುಂಬಾ ಚೆನ್ನಾಗಿತ್ತು” ಅನ್ನುತ್ತಾರೆ. ಕಾರಿನ ಬಾಗಿಲು ಮುಚ್ಚಬೇಕು, ಬೆಲ್ಟ್ ಕಟ್ಟಬೇಕು, “ಚಟ್ನಿ ಹಳಸಿತ್ತು ಕಣೇ” ಎಂಬ ಮಾತು ಆಮೇಲೆಯೇ ಹೊರಗೆ ಬರುವುದು. ನಾನೂ ಹಾಗೇ. ಯಾರ ಮನೆಯ ಊಟದ ಬಗ್ಗೆಯೂ ಹೈವೇ ಸೇರುವ ಮೊದಲು ನಿಜ ಹೇಳಿದವನಲ್ಲ.

ಶ್ರೀಕಂಠ ನನ್ನ ಕಾಲೇಜು ಗೆಳೆಯ, ಮೈಸೂರಿನವನು. ಆಫೀಸಿನ ಕೆಲಸ ಬಿಟ್ಟು ಹೋಟೆಲು ತೆರೆದ. ದೋಸೆ ಚೆನ್ನಾಗಿತ್ತು, ಜನ ಬಂದರು. ಚಳಿಗಾಲದಲ್ಲಿ ಸ್ವಲ್ಪ ಕಮ್ಮಿಯಾದಾಗ ಹೆದರಿ ನನ್ನನ್ನು ಕೇಳಿದ. ವಾರದ ಕೊನೆಯ ಎರಡು ದಿನ ನಾನೇ ಬಂದು ಎಲ್ಲ ಸರಿಮಾಡುತ್ತೇನೆ ಎಂದೆ. ಬಾಗಿಲಲ್ಲಿ ನಿಂತೆ. ಮೇಜಿನಿಂದ ಮೇಜಿಗೆ ಹೋದೆ. “ನಿಮ್ಮ ಅನುಭವ ಹೇಗಿತ್ತು ಅಂಕಲ್? ಒಂದರಿಂದ ಹತ್ತರಲ್ಲಿ?” ಹೆಚ್ಚುಕಮ್ಮಿ ಎಲ್ಲರೂ ಹತ್ತು ಕೊಟ್ಟರು. ಹತ್ತು ಕೊಟ್ಟವರು ಮುಂದಿನ ವಾರ ಬರಲಿಲ್ಲ. ಬೇಸಿಗೆಯ ಹೊತ್ತಿಗೆ ಅಂಕಗಳು ಭರ್ತಿ, ಕುರ್ಚಿಗಳು ಖಾಲಿ. ಆ ಶನಿವಾರ ಬೆಳಿಗ್ಗೆ ಹಿಟ್ಟು ತಿರುವುತ್ತ ಶ್ರೀಕಂಠ ಕೇಳಿದ್ದ: “ತಿಂಗಳ ಕೊನೆಗೆ ಲೀಸ್ ಮುಗಿಯುತ್ತೆ ಕಣೋ. ಮುಂದುವರಿಸಲೋ, ಬೀಗ ಹಾಕಲೋ? ನೀನೇ ಹೇಳು.” “ಮಧ್ಯಾಹ್ನ ಹೇಳ್ತೀನಿ” ಎಂದು ಬಾಗಿಲಿಗೆ ಹೋಗಿ ನಿಂತಿದ್ದೆ.

ಬಿಳಿ ಕಾರು ನಾಗರಾಜ ಅಂಕಲ್ ಅವರದು. ನಿವೃತ್ತ ಎಂಜಿನಿಯರ್, ಹೋಟೆಲಿಗೆ ಉಳಿದಿದ್ದ ಕೆಲವೇ ಗಿರಾಕಿಗಳಲ್ಲಿ ಒಬ್ಬರು. ಪಕ್ಕದ ಸೀಟಿನಲ್ಲಿ ಅವರ ಹೆಂಡತಿ ವಿಮಲಾ ಆಂಟಿ. ಹಿಂದೆ ನನ್ನ ಹೆಂಡತಿ ಸುಧಾ. ನಾನು ಹೋಟೆಲು ಮುಚ್ಚುವವರೆಗೂ ಇರಬೇಕಾದ್ದರಿಂದ ಅವಳನ್ನು ಮನೆಗೆ ಬಿಡಲು ಅವರು ಒಪ್ಪಿದ್ದರು. ಬಿಸಿಲಿಗೆ ಕಾರು ಕಾದಿತ್ತು. ಶೆಕೆ ಹೋಗಲೆಂದು ಕಿಟಕಿಗಳನ್ನು ಇಳಿಸಿದರು. ಬೆಲ್ಟುಗಳು ಟಕ್ ಟಕ್ ಎಂದವು.

“ಬೇಜಾರು ಮಾಡ್ಕೋಬೇಡಮ್ಮ ಸುಧಾ,” ಎಂದರು ಅಂಕಲ್. “ದೋಸೆಗೇನೂ ತೊಂದರೆ ಇಲ್ಲ. ನಿನ್ನ ಗಂಡ ಒಬ್ಬ ಇಲ್ಲದೇ ಇದ್ದಿದ್ರೆ ದಿನಾ ಬರ್ತಿದ್ವಿ.”

“ಅಯ್ಯೋ, ಸುಮ್ನಿರೀಂದ್ರೆ,” ಎಂದರು ಆಂಟಿ.

“ಏನು ಸುಮ್ನಿರೋದು? ತುತ್ತು ಬಾಯಲ್ಲಿರುತ್ತೆ, ಬಂದು ನಿಂತ್ಕೋತಾನೆ. ಹೋದ ವಾರ ಪಾಪ ಅಂತ ಪಲ್ಯಕ್ಕೆ ಉಪ್ಪು ಕಮ್ಮಿ ಅಂದೆ. ಸ್ವಲ್ಪ ಎಕ್ಸ್‌ಪ್ಲೇನ್ ಮಾಡಿ ಅಂಕಲ್ ಅಂದ! ಉಪ್ಪು ಕಮ್ಮಿ ಅನ್ನೋದನ್ನ ಇನ್ನೇನು ಎಕ್ಸ್‌ಪ್ಲೇನ್ ಮಾಡ್ಲಿ? ಜನ ಇಲ್ಲಿ ಒಂದು ಸುತ್ತು ಹಾಕಿ, ಅವನ ಕಾರು ಇದ್ರೆ ಹಾಗೇ ಮುಂದೆ ಹೋಗಿಬಿಡ್ತಾರೆ.”

ಸುಧಾ ನನ್ನ ಪರ ಏನಾದರೂ ಅನ್ನುತ್ತಾಳೆ ಎಂದು ಕಾದೆ. ಚೀಲ ಕೆಳಗಿಡಲೂ ಇಲ್ಲ.

“ಮನೇಲೂ ಹಾಗೇ ಅಂಕಲ್,” ಎಂದಳು. “ಸಾರು ಬಡಿಸಿದ್ರೆ ಹತ್ತಕ್ಕೆ ಏಳೂವರೆ ಅಂತಾರೆ.”

ಮೂವರೂ ನಕ್ಕರು. ಅವಳ ನಗು ಎಲ್ಲರದಕ್ಕಿಂತ ಕೊನೆಗೆ ನಿಂತಿತು.

ಅಂಕಲ್ ರಿವರ್ಸ್ ಹಾಕಿದರು. ಕಾರು ಕೀ ಕೀ ಎಂದು ಅರಚಿಕೊಂಡಿತು. ಹಿಂದಿನ ಗಾಜಿನ ಮೂಲಕ, ಹಿಂಬದಿ ಕ್ಯಾಮೆರಾದ ಚಿತ್ರ ತೋರಿಸುವ ಮುಂದಿನ ಪುಟ್ಟ ಪರದೆ ನನಗೂ ಕಾಣುತ್ತಿತ್ತು: ಕೆಂಪು ಗೆರೆಗಳ ನಡುವೆ, ಕಸದ ಚೀಲ ಹಿಡಿದು, ಬಾಯಿ ತೆರೆದುಕೊಂಡು ನಿಂತ ನಾನು. ಮೂವರೂ ಅದನ್ನೇ ನೋಡುತ್ತಿದ್ದರು. ಒಬ್ಬರೂ ತಿರುಗಲಿಲ್ಲ. ನನಗೆ ಕಾಲು ಕೀಳಲಾಗಲಿಲ್ಲ. ಕೊನೆಗೆ ಅಂಕಲ್ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಇವತ್ತು ಎಲ್ಲಾ ತುಂಬಾ ಚೆನ್ನಾಗಿತ್ತು ಕಣಪ್ಪ!” ಎಂದರು. “ಹತ್ತಕ್ಕೆ ಹತ್ತು,” ಎಂದು ಆಂಟಿ ಒಳಗಿನಿಂದಲೇ ಸೇರಿಸಿದರು. “ಥ್ಯಾಂಕ್ಸ್ ಅಂಕಲ್, ಮತ್ತೆ ಬನ್ನಿ,” ಎಂದೆ. ಅಭ್ಯಾಸ, ಏನು ಮಾಡುವುದು.

ಒಳಗೆ ಹೋಗಿ ಶ್ರೀಕಂಠನಿಗೆ ಕೇಳಿದ್ದನ್ನೆಲ್ಲ ಹೇಳಿದೆ. “ಲೀಸ್ ಮುಂದುವರಿಸು. ನನ್ನನ್ನ ತೆಗೆದುಹಾಕು.” ಅವನು ಸೌಟು ಕೆಳಗಿಟ್ಟ. “ನನಗೂ ಅನುಮಾನ ಇತ್ತು ಕಣೋ. ಹೇಗೆ ಹೇಳೋದು ಅಂತ…” ಎಂದ. ನಾನು ಒಂದು ಕುರ್ಚಿ ಎಳೆದುಕೊಂಡು ಕೂತೆ. ಖಾಲಿ ಕುರ್ಚಿಗಳಿಗೇನೂ ಕೊರತೆ ಇರಲಿಲ್ಲ.

ಮುಂದಿನ ಶನಿವಾರ ನಾನು ಕಾರು ತೆಗೆಯಲಿಲ್ಲ, ಮನೆಯಲ್ಲೇ ಇದ್ದೆ. ಅದರ ಮುಂದಿನ ಶನಿವಾರ ಫೋನ್ ಮಾಡಿದರೆ, ಪಾತ್ರೆಗಳ ಸದ್ದಿನ ನಡುವೆ ಶ್ರೀಕಂಠ, “ಆಮೇಲೆ ಮಾಡೋ, ಜನ ನಿಂತಿದ್ದಾರೆ” ಎಂದು ಇಟ್ಟುಬಿಟ್ಟ. ಲೀಸಿಗೆ ಸಹಿ ಹಾಕಿದ್ದಾನೆ.

ಅಂದು ನಡೆದದ್ದನ್ನು ನೋಡಿದವರು ನನ್ನನ್ನು ಬಿಟ್ಟರೆ ಮೂವರು, ಮೂವರೂ ಕ್ಷೇಮ. ನಾಗರಾಜ ಅಂಕಲ್ ಎದುರಾದರೆ ಬಿಸಿಲಿನ ಬಗ್ಗೆ ಮಾತಾಡುತ್ತಾರೆ. ವಿಮಲಾ ಆಂಟಿ ತಾವು ಏನೂ ನೋಡಿಲ್ಲ ಅನ್ನುತ್ತಾರೆ. ಮೂರನೆಯವಳು ಸುಧಾ, ನನ್ನ ಜೊತೆಯಲ್ಲೇ ಬದುಕಿದ್ದಾಳೆ. ನಿನ್ನೆ ಸಾರು ಬಡಿಸಿ ಎದುರಿಗೆ ಕೂತಳು. ನಾನು ತಲೆ ಎತ್ತದೆ ಉಂಡೆ.

“ಯಾಕೆ, ಏನೂ ಹೇಳ್ತಿಲ್ಲ? ಹೇಗಿದೆ?” ಎಂದಳು.

“ತುಂಬಾ ಚೆನ್ನಾಗಿದೆ,” ಎಂದೆ.

ಊಟವಾದ ಮೇಲೆ ಗ್ಯಾರೇಜಿಗೆ ಹೋದೆ. ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ, ಬೆಲ್ಟ್ ಕಟ್ಟಿಕೊಂಡೆ. ಕಿಟಕಿ ಪೂರ್ತಿ ಮೇಲೇರಿದೆಯೇ ಎಂದು ಎರಡೆರಡು ಸಲ ನೋಡಿಕೊಂಡು, “ಉಪ್ಪು ಕಮ್ಮಿ” ಎಂದೆ.